ಸಾಕು ಎಂದವಳ ಊರು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ಹಾಲವ್ವ. ಊಟಕ್ಕೆ ಬಡಿಸುತ್ತ ಹೇಳುತ್ತಿದ್ದಳು. ಕೈಯಲ್ಲಿ ಸೌಟು ಇಲ್ಲದ ಹೊತ್ತಿನಲ್ಲಿ ಎಷ್ಟು ಕಾಡಿದರೂ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಹೇಳಿದವರು ಯಾರೋ ನಾನು ಕೇಳಲಿಲ್ಲ. ಶಿವನನ್ನು ನೆನೆದು, ಅವಳು ಹೇಳಿದ ಹಾಗೇ ಹೇಳುತ್ತೇನೆ. ಅವಳು ನಿಲ್ಲಿಸಿದಲ್ಲಿ ನಾನೂ ನಿಲ್ಲಿಸುತ್ತೇನೆ.

ಒಂದು ಊರು. ಆ ಊರಿಗೆ ಹೊಳೆಯಿಲ್ಲ, ಬಾವಿಯಿದೆ. ಬಾವಿಯ ಪಕ್ಕದಲ್ಲಿ ಊರು ಕಟ್ಟಿದ ಅವ್ವನ ಗುಡಿಯಿದೆ. ಅವ್ವ ಬದುಕಿದ್ದಾಗ ಏನೇನು ಹೇಳಿದ್ದಳೋ ಎಲ್ಲ ಮರೆತುಹೋಗಿದೆ. ಕಣ್ಣು ಮುಚ್ಚುವ ಮುನ್ನ ಆಡಿದ ಒಂದು ಮಾತು ಮಾತ್ರ ಉಳಿದಿದೆ. ಆ ಮಾತು, ಸಾಕು.

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಕಟ್ಟೆಯ ಮೇಲೆ ಕೂತು ಆ ಮಾತಿಗೆ ಅರ್ಥ ಹುಡುಕಿದರು. ಸಾಕು ಅಂದರೆ ಸಾಕಿ ಸಲಹು ಎಂದು ಒಬ್ಬರು ಹೇಳಿದರು. ಹೌದೆಂದು ಎಲ್ಲರೂ ತಲೆಯಾಡಿಸಿದರು. ಏನನ್ನು ಸಾಕಬೇಕು? ದನ ಕರು, ಆಡು ಕುರಿ, ಹೆತ್ತ ಮಕ್ಕಳು, ಇವನ್ನೆಲ್ಲ ಹೇಗೂ ಸಾಕುತ್ತಲೇ ಇದ್ದೇವೆ, ಅದಕ್ಕೆ ಅವ್ವನ ಅಪ್ಪಣೆ ಯಾಕೆ ಬೇಕು? ಹಾಗಾದರೆ ಯಾರೂ ಸಾಕದೇ ಇರುವುದು ಯಾವುದು? ಆಮೇಲೆ ಇನ್ನೊಬ್ಬರು ಹೇಳಿದರು: ಅರ್ಧಕ್ಕೆ ಬಿಟ್ಟದ್ದು.

ಅಂದಿನಿಂದ ಆ ಊರಿನ ಕಟ್ಟಳೆ ಹೀಗೆ. ಯಾರಾದರೂ ಏನನ್ನಾದರೂ ಶುರು ಮಾಡಿ ಅರ್ಧಕ್ಕೆ ಬಿಟ್ಟರೆ, ಬಿಟ್ಟವರು ಹೊಸ್ತಿಲ ಮೇಲೆ ನಿಂತು "ಬಿಟ್ಟೆ" ಅನ್ನಬೇಕು. ಮನೆಯವರು "ಸಾಕುತ್ತೇವೆ" ಅನ್ನಬೇಕು. ಬಿಟ್ಟದ್ದನ್ನು ನಡುಮನೆಯಲ್ಲಿ ಗೋಡೆಗುಂಟ ಸಾಲಾಗಿ ಇಡಬೇಕು. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, "ಉಂಡೆಯಾ ಕಂದಾ?" ಎಂದು ಕೇಳಬೇಕು. ಅದು ಮಾತಾಡುವುದಿಲ್ಲ. ಕೇಳಿ, ಮುಂದಿನದರ ಹತ್ತಿರ ಹೋಗಬೇಕು. ಬಿಟ್ಟದ್ದನ್ನು ಎಸೆಯುವ ಹಾಗಿಲ್ಲ, ಒಲೆಗೆ ಹಾಕುವ ಹಾಗಿಲ್ಲ, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಮುಗಿಸುವ ಹಾಗೂ ಇಲ್ಲ. ಮುಗಿಸಿಬಿಟ್ಟರೆ ಸಾಕುವುದಕ್ಕೆ ಏನು ಉಳಿಯಿತು?

ಅವ್ವನ ಮಾತು ದೊಡ್ಡದಾದ್ದರಿಂದ ಅದನ್ನು ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ. ಊಟಕ್ಕೆ ಕೂತವರು ಬಡಿಸಿದಷ್ಟನ್ನು ಉಣ್ಣುತ್ತಿದ್ದರು. ಬಡಿಸುವವರು ತಮ್ಮ ಅಳತೆಗೆ ನಿಲ್ಲಿಸುತ್ತಿದ್ದರು. ಹೆಚ್ಚಾಯಿತು, ಇನ್ನು ಹಾಕಬೇಡಿ ಎನ್ನುವುದಕ್ಕೆ ಆ ಊರಿನಲ್ಲಿ ಮಾತೇ ಇರಲಿಲ್ಲ.

ಹೀಗಿರುವಾಗ ಊರಿನವರು ಏನು ಮಾಡಿದರು? ಮಕ್ಕಳಿಗೆ ಏನನ್ನೂ ಶುರು ಮಾಡದಿರುವುದನ್ನು ಕಲಿಸಿದರು. ಕಡ್ಡಿ ಹಿಡಿದರೆ ಕೈಯಿಂದ ಕಿತ್ತುಕೊಂಡರು. ಕಲ್ಲು ಜೋಡಿಸಿದರೆ ಕಾಲಿನಿಂದ ಸರಿಸಿದರು. ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂತು, ಕೈ ಮೇಲೆ ಕೈಯಿಟ್ಟು, ದೊಡ್ಡವರಾದರು. ನಡುಮನೆ ಖಾಲಿ ಇರುವುದೇ ಆ ಊರಿನಲ್ಲಿ ಮಾನವಂತರ ಲಕ್ಷಣವಾಯಿತು.

ಆ ಊರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಅವನ ಮನೆ ಉದ್ದನೆಯ ಮನೆ. ಹಿತ್ತಿಲ ಗೋಡೆಯಿಂದ ತಲೆಬಾಗಿಲ ತನಕ ನೆಟ್ಟಗೆ ಒಂದೇ ನಡುಮನೆ. ಹಗ್ಗ ಹೊಸೆಯುವುದು ಹಿಂದಕ್ಕೆ ನಡೆಯುವ ಕೆಲಸ. ನಾರಿನ ಎಳೆಗಳನ್ನು ಹಿತ್ತಿಲ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಿರುಚುತ್ತ ತಿರುಚುತ್ತ ಹಿಂದಕ್ಕೆ ಹೆಜ್ಜೆ ಇಡಬೇಕು. ಎಷ್ಟು ಹಿಂದಕ್ಕೆ ನಡೆಯಬಹುದೋ ಅಷ್ಟೇ ಉದ್ದ ಹಗ್ಗ. ಅವ್ವನ ಬಾವಿಗೆ ವರ್ಷಕ್ಕೊಂದು ಹೊಸ ಹಗ್ಗ ಅವನ ಮನೆಯಿಂದಲೇ ಹೋಗಬೇಕು. ಅವನ ಅಪ್ಪ ಕೊಟ್ಟಿದ್ದ, ಅಪ್ಪನ ಅಪ್ಪ ಕೊಟ್ಟಿದ್ದ. ಹಗ್ಗಕ್ಕೆ ಗಂಟು ಇರಬಾರದು. ತಳದ ನೀರನ್ನು ಮುಟ್ಟಬೇಕು.

ಅವನಿಗೆ ಒಬ್ಬಳೇ ಮಗಳು. ಆ ಮಗಳಿಗೆ ದಿನಕ್ಕೊಂದು ಹುಚ್ಚು.

ಒಂದು ಬೆಳಗ್ಗೆ ಎದ್ದವಳೇ ಇರುವೆಗಳಿಗೆ ಸೇತುವೆ ಕಟ್ಟುತ್ತೇನೆ ಅಂದಳು. ಬಚ್ಚಲ ಕಾಲುವೆಯ ಮೇಲೆ ಕಡ್ಡಿ ಜೋಡಿಸಿದಳು, ಇರುವೆಗಳನ್ನು ಹೆಸರಿಟ್ಟು ಕರೆದಳು, ಊಟಕ್ಕೆ ಕರೆದರೆ "ಹಿರಿಯಿರುವೆ ಇನ್ನೂ ದಾಟಿಲ್ಲ" ಅಂದಳು. ಸೇತುವೆ ಅರ್ಧವಾಗುವಾಗ ಮೇಲೆ ಕಾಗೆ ಕೂಗಿತು. ಹೊಸ್ತಿಲ ಮೇಲೆ ನಿಂತು "ಬಿಟ್ಟೆ" ಅಂದು ಕಾಗೆಯ ಹಿಂದೆ ಓಡಿದಳು. ಆಮೇಲೆ ಕಾಗೆಗೆ ಕೂರಲು ಮಣೆ. ಮಣೆಗೆ ಮೂರು ಕಾಲು ಆಗುವಷ್ಟರಲ್ಲಿ ಗಾಳಿಯನ್ನು ಹಿಡಿದಿಡುವ ಬುಟ್ಟಿ. ಬುಟ್ಟಿಯ ಬಾಯಿ ಕಟ್ಟುವ ಮೊದಲು ಸೋರೆಬುರುಡೆಯ ವೀಣೆ. ವೀಣೆಗೆ ತಂತಿ ಬರುವ ಮೊದಲು ದೋಣಿ. ಹೊಳೆಯಿಲ್ಲದ ಊರಿನಲ್ಲಿ ದೋಣಿ! ಅದೂ ಮುಂಭಾಗ ಮಾತ್ರ. ಹಿಂಭಾಗ ಎಲ್ಲಿ ಎಂದು ಕೇಳಿದರೆ, "ಅದು ಇನ್ನೂ ಬರ್ತಾ ಇದೆಯಪ್ಪಾ" ಅಂದಳು.

ಪ್ರತಿ ಸಲವೂ ಅವಳು ಬಿಟ್ಟೆ ಅಂದಳು. ಪ್ರತಿ ಸಲವೂ ತಂದೆ ತಾಯಿ ಸಾಕುತ್ತೇವೆ ಅಂದರು. ಸಾಲು ಬೆಳೆಯಿತು. ಗೋಡೆಗುಂಟ ಇದ್ದದ್ದು ನಡುವಿಗೆ ಬಂತು.

ಬೆಳಗಾದರೆ ತಾಯಿ ಒದ್ದೆ ಬಟ್ಟೆ ಹಿಡಿದು ಸಾಲಿನ ಆ ತುದಿಯಿಂದ ಹೊರಡುವಳು. ಉಂಡೆಯಾ ಕಂದಾ? ಉಂಡೆಯಾ ಕಂದಾ? ಉಂಡೆಯಾ ಕಂದಾ? ಈ ತುದಿಗೆ ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ತಂದೆ ಪೂಜೆಗೆ ಕೂರಲು ಮಣೆ ಹಾಕಿದರೆ ಮೊಣಕಾಲಿಗೆ ವೀಣೆ ತಾಗುತ್ತಿತ್ತು. ಹಗ್ಗ ಹಿಡಿದು ಹಿಂದಕ್ಕೆ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಕಾಗೆಯ ಮಣೆ ತಾಗುತ್ತಿತ್ತು. ಅಲ್ಲಿಗೇ ನಿಲ್ಲಬೇಕು. ಅಲ್ಲಿಗೇ ಹಗ್ಗ ಮುಗಿಯಬೇಕು. ಬಾವಿಯ ಹಗ್ಗವಾಗಬೇಕಿದ್ದದ್ದು ದನ ಕಟ್ಟುವ ಹಗ್ಗವಾಯಿತು. ದನ ಕಟ್ಟುವ ಹಗ್ಗವಾಗಬೇಕಿದ್ದದ್ದು ಕರು ಕಟ್ಟುವ ಹಗ್ಗವಾಯಿತು.

ಎದುರುಮನೆಯಾಕೆ ಬಾಗಿಲಲ್ಲಿ ನಿಂತು ಇಣುಕುವಳು. "ಏನ್ರೀ ಹಗ್ಗದವರೇ, ನಿಮ್ಮ ಮಗಳು ದಿನಕ್ಕೊಂದು ಹಡೀತಾಳೆ, ನೀವು ಸಾಕ್ತೀರಿ. ಬಾಣಂತನಕ್ಕೆ ಜಾಗ ಉಂಟಾ?"

"ನಿಮ್ಮ ಮಗ ಹೇಗಿದಾನೆ?" ಎಂದು ತಂದೆ ಮಾತು ಮರೆಸಲು ಕೇಳುವನು.

"ಅವನಾ? ಬಂಗಾರ. ಹುಟ್ಟಿದಾಗಿನಿಂದ ಒಂದು ಕಡ್ಡಿ ಈ ಕಡೆಯಿಂದ ಆ ಕಡೆಗೆ ಇಟ್ಟಿಲ್ಲ."

ಅವ್ವನ ಬಾವಿಗೆ ಹೊಸ ಹಗ್ಗ ಕೊಡುವ ಕಾಲ ಹತ್ತಿರ ಬಂತು. ಗುಡಿಯ ಪೂಜೆ ನೋಡಿಕೊಳ್ಳುವ ಹಿರಿಯ ಇವರ ಮನೆಗೇ ಬಂದು, ಕೋಲಿನಿಂದ ದೋಣಿಯನ್ನು ಮೆಲ್ಲಗೆ ತಟ್ಟಿ, ತಂದೆಯ ಮುಖ ನೋಡಿದ. "ನೀರು ಕೆಳಗಿದೆ. ನಿನ್ನ ಹಗ್ಗ ಮೇಲಿದೆ. ಈ ಸಲ ಮುಟ್ಟದಿದ್ದರೆ ಸೇವೆ ಬೇರೆ ಮನೆಗೆ ಹೋಗುತ್ತದಪ್ಪಾ. ನನ್ನ ಮೇಲೆ ಬೇಜಾರಾಗಬೇಡ."

ಹಿರಿಯ ಹೋದ ಮೇಲೆ ತಂದೆ ಮಗಳನ್ನು ಮುಂದೆ ನಿಲ್ಲಿಸಿಕೊಂಡ. ಅವನು ಕೈಯೆತ್ತುವ ಮನುಷ್ಯನಲ್ಲ, ದನಿಯೆತ್ತುವ ಮನುಷ್ಯನೂ ಅಲ್ಲ. ಅವತ್ತು ದನಿಯೆತ್ತಿದ.

"ಕೂಸೇ, ಇನ್ನು ಮೇಲೆ ಏನೂ ಶುರು ಮಾಡಬೇಡ. ತಿಳೀತಾ?"

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಒಂದು ಹಿಡಿದ್ರೆ ಮುಗಿಸೋ ತನಕ ಹಿಡೀಬೇಕು. ನಿನ್ನ ಕೈಲಿ ಅದು ಆಗಲ್ಲ. ಹಿಡೀಲೇಬೇಡ."

"ಮನಸ್ಸಲ್ಲಿ ಶುರು ಮಾಡಬಹುದಾ?"

"ಮನಸ್ಸಲ್ಲೂ ಬೇಡ!"

ಮಗಳು ತಲೆಯಾಡಿಸಿದಳು. ಹೇಳಿದ ಮಾತನ್ನು ಮೀರುವ ಮಗುವಲ್ಲ ಅವಳು. ಹೋಗಿ ಕಂಬಕ್ಕೆ ಒರಗಿ ಕೂತಳು. ಇರುವೆಗಳು ಬಂದವು, ನೋಡಲಿಲ್ಲ. ಕಾಗೆ ಕೂಗಿತು, ತಲೆಯೆತ್ತಲಿಲ್ಲ. ಕೈ ಮೇಲೆ ಕೈಯಿಟ್ಟುಕೊಂಡಳು. ಎದುರುಮನೆಯಾಕೆ ಬಂದು ನೋಡಿ, "ಈಗ ನೋಡ್ರಿ, ಹುಡುಗಿ ಹುಡುಗಿಯ ಹಾಗಾದಳು" ಅಂದಳು. ತಂದೆಗೆ ಸಮಾಧಾನವಾಗಬೇಕಿತ್ತು. ಹಗ್ಗ ಹಿಡಿದು ಹಿಂದಕ್ಕೆ ನಡೆದ. ಹಿಮ್ಮಡಿಗೆ ಅದೇ ಮಣೆ ತಾಗಿತು. ಹೊಸದೇನೂ ಸೇರಲಿಲ್ಲ ನಿಜ, ಇದ್ದದ್ದು ಎಲ್ಲಿಗೂ ಹೋಗಿರಲಿಲ್ಲ.

ಹೀಗೆ ಸ್ವಲ್ಪ ಕಾಲ ಹೋಯಿತು. ಒಂದು ಬೆಳಗ್ಗೆ ಮಗಳು ಎದ್ದು, ಮುಖ ತೊಳೆದು, ಹೊಸ್ತಿಲ ಮೇಲೆ ಹೋಗಿ ನಿಂತಳು.

"ಬಿಟ್ಟೆ" ಅಂದಳು.

ತಾಯಿ ಒದ್ದೆ ಬಟ್ಟೆ ಹಿಡಿದು ನಿಂತಲ್ಲೇ ನಿಂತಳು. "ಏನು ಬಿಟ್ಟೆಯೇ? ನೀನೇನೂ ಹಿಡಿದೇ ಇಲ್ಲವಲ್ಲ?"

"ನನ್ನನ್ನೇ ಬಿಟ್ಟೆ" ಅಂದಳು ಮಗಳು. "ನಾನೂ ಅರ್ಧ ಆಗಿದೀನಿ ಅಷ್ಟೇ ಅಲ್ವಾ ಅವ್ವಾ? ಇನ್ನೂ ದೊಡ್ಡವಳಾಗಿಲ್ಲ."

ಹೊಸ್ತಿಲ ಮೇಲೆ ಆಡಿದ ಮಾತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ತಾಯಿ ತಂದೆಯ ಮುಖ ನೋಡಿದಳು. ತಂದೆ ನೆಲ ನೋಡಿದ. ತಾಯಿಯ ಬಾಯಿಂದ, ಬೇಡಬೇಡವೆಂದರೂ, ರೂಢಿಯ ಮಾತು ಹೊರಟುಬಿಟ್ಟಿತು. "ಸಾಕುತ್ತೇವೆ."

ಮಗಳು ಬಂದು ಸಾಲಿನ ಕೊನೆಗೆ, ದೋಣಿಯ ಪಕ್ಕದಲ್ಲಿ, ಮಲಗಿದಳು. ಕಣ್ಣು ತೆರೆದೇ ಇತ್ತು. ತಾಯಿ ಸಾಲಿನ ಆ ತುದಿಯಿಂದ ಒರೆಸುತ್ತ ಬಂದಳು. ಸೇತುವೆ, ಮಣೆ, ಬುಟ್ಟಿ, ವೀಣೆ, ದೋಣಿ. ಉಂಡೆಯಾ ಕಂದಾ? ಉಂಡೆಯಾ ಕಂದಾ? ಮಗಳ ಹತ್ತಿರ ಬಂದಾಗ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು. ಮುಖ ಒರೆಸಿದಳು, ಹಣೆಗೆ ವಿಭೂತಿ ಹಚ್ಚಿದಳು, ಕೇಳಿದಳು: "ಉಂಡೆಯಾ ಕಂದಾ?"

ಮಗಳು ಮಾತಾಡಲಿಲ್ಲ. ಬಿಟ್ಟ ವಸ್ತುಗಳು ಮಾತಾಡುವುದಿಲ್ಲ.

ತಾಯಿ ತಟ್ಟೆಯಲ್ಲಿ ಅನ್ನ ತಂದು ಪಕ್ಕದಲ್ಲಿಟ್ಟಳು. ಮಗಳು ಮುಟ್ಟಲಿಲ್ಲ. ಸಂಜೆಗೆ ಅನ್ನ ಒಣಗಿತು. ಮರುದಿನ ಬೆಳಗ್ಗೆಯೂ ಒರೆಸುವುದಾಯಿತು, ಕೇಳುವುದಾಯಿತು, ಮಾತಿಲ್ಲದೆ ಮುಗಿಯಿತು. ಊರವರು ಬಂದು ನೋಡಿ ಹೋದರು. ಎಂಥ ಕಟ್ಟಳೆಯ ಮಗು, ಅಂದರು. ಮಗಳ ತುಟಿ ಒಣಗಿ ಬಿರುಕು ಬಿಟ್ಟದ್ದನ್ನು ಯಾರೂ ನೋಡಲಿಲ್ಲ, ತಂದೆ ನೋಡಿದ.

ಅವನು ಎದ್ದು ಗುಡಿಗೆ ಹೋದ. ಹಿರಿಯ ಅವ್ವನ ಮೂರ್ತಿಗೆ ನೀರೆರೆಯುತ್ತಿದ್ದ. ಕಪ್ಪು ಕಲ್ಲಿನ ಅವ್ವ ಕಾಲು ಮಡಚಿ ಕೂತಿದ್ದಾಳೆ. ಮುಂದೆ ಒಂದು ಕಲ್ಲಿನ ಬಟ್ಟಲು. ಬಟ್ಟಲ ಮೇಲೆ ಅವಳ ಬಲಗೈ, ಅಂಗೈ ಕೆಳಗಾಗಿ, ಚಾಚಿಕೊಂಡಿದೆ. ಬಟ್ಟಲಲ್ಲಿರುವುದನ್ನು ಕಾಯುವ ಕೈ ಎಂದು ಊರಿನಲ್ಲಿ ಹೇಳುತ್ತಾರೆ.

"ಸ್ವಾಮೀ, ನನ್ನ ಮಗಳು ಸಾಯ್ತಾಳೆ."

"ಸಾಕುತ್ತಾ ಇದ್ದೀರಲ್ಲ?"

"ಒರೆಸ್ತೀವಿ, ಕೇಳ್ತೀವಿ. ಅಷ್ಟೇ ತಾನೇ ನಮಗೆ ಹೇಳಿಕೊಟ್ಟಿರೋದು?" ತಂದೆ ಮೂರ್ತಿಯ ಕಾಲ ಹತ್ತಿರ ಕುಸಿದು ಕೂತ. "ಅವ್ವ ಆ ಮಾತು ಆಡುವಾಗ ಏನು ಮಾಡ್ತಾ ಇದ್ದಳು? ಅದನ್ನಾದರೂ ಹೇಳಿ."

ಹಿರಿಯನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆದರೂ ಅವನ ಹಿರಿಯರು ಹೇಳಿದ್ದು ನೆನಪಿತ್ತು. "ಏನೂ ಮಾಡ್ತಾ ಇರಲಿಲ್ಲಪ್ಪಾ. ಮಲಗಿದ್ದವಳನ್ನ ಎಬ್ಬಿಸಿ ಕೂರಿಸಿದ್ದರು. ಅವಳ ಮಗಳು ಗಂಜಿ ಹಾಕ್ತಾ ಇದ್ದಳು. ಇನ್ನೊಂದು ಸೌಟು ಹಾಕೋಕೆ ಹೋದಾಗ ಅವ್ವ ಬಟ್ಟಲ ಮೇಲೆ ಹೀಗೆ ಕೈ ಇಟ್ಟು ಆ ಮಾತು ಹೇಳಿದಳು. ಕೈ ಹಾಗೇ ಇತ್ತು, ಜೀವ ಹೋಯ್ತು. ಅದಕ್ಕೇ ಮೂರ್ತಿಗೂ ಹಾಗೇ ಕೈ ಕೆತ್ತಿದ್ದು."

ತಂದೆ ಆ ಕೈಯನ್ನು ನೋಡುತ್ತ ಕೂತ. ಏನೋ ಹೊಳೆದ ಹಾಗಾಗುತ್ತದೆ, ಹೊಳೆಯುವುದಿಲ್ಲ. ಅಷ್ಟರಲ್ಲಿ ಗುಡಿಯ ಗಂಟೆ ಮೊಳಗಿತು, ಜನ ಸೇರಿದರು. "ಹಗ್ಗ ತಂದೆಯಾ?" ಎಂದು ಒಬ್ಬ ಕೇಳಿದ. "ಮಗು ಹೇಗೆ ಸಾಲಿನಲ್ಲಿ ಮಲಗಿದೆ, ಒಳ್ಳೇ ಗೊಂಬೆ ಹಾಗೆ" ಎಂದು ಎದುರುಮನೆಯಾಕೆ ಮೆಚ್ಚಿಕೊಂಡಳು. "ಊರಿಗೆ ಒಳ್ಳೆಯದಾಗುತ್ತೆ" ಅಂದ ಇನ್ನೊಬ್ಬ.

ತಂದೆಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಹತ್ತಿ ನಿಂತ. ಊರಿನ ಒಂದೊಂದು ಮುಖವನ್ನೂ ನೋಡಿದ. ಹೊಟ್ಟೆಯೊಳಗಿನಿಂದ, ಅವನಿಗೇ ಅರ್ಥವಾಗದ ರೀತಿಯಲ್ಲಿ, ಒಂದು ಮಾತು ಕಿತ್ತುಕೊಂಡು ಬಂತು.

"ಸಾಕು!"

ಜನರೆಲ್ಲ ಒಮ್ಮೆಗೇ ಕೈಮುಗಿದರು. "ಸಾಕುತ್ತೇವೆ" ಅಂದರು.

"ಅಯ್ಯೋ, ಅದಲ್ಲ! ಸಾಕು! ಸಾಕು!"

"ಸಾಕುತ್ತೇವೆ. ಸಾಕುತ್ತೇವೆ."

ಅವನು ಎಷ್ಟು ಕೂಗಿದನೋ ಅಷ್ಟು ಭಕ್ತಿಯಿಂದ ಅವರು ತಲೆಬಾಗಿದರು. ಅವನಲ್ಲಿ ಬೇರೆ ಮಾತಿರಲಿಲ್ಲ. ದನಿ ಬಿದ್ದುಹೋಯಿತು. ಕಟ್ಟೆಯಿಂದ ಇಳಿದು ಮನೆಯ ಕಡೆ ನಡೆದ. ಅವ್ವನ ಮಾತು ಇವನ ಬಾಯಲ್ಲಿ ಬಂತಲ್ಲ, ಮುಂದೇನಾಗುತ್ತದೋ ನೋಡೋಣ ಎಂದು ಊರೂ ಹಿಂದೆಯೇ ಬಂತು.

ಮನೆಗೆ ಬಂದವನೇ, "ಅಡುಗೆ ಆಗಿದೆಯಾ?" ಎಂದು ಹೆಂಡತಿಯನ್ನು ಕೇಳಿದ.

"ಆಗಿದೆ. ಯಾರು ಉಣ್ಣೋರು?"

"ಅನ್ನದ ಗಡಿಗೆ ತಾ. ಸಾರಿನ ಪಾತ್ರೆಯೂ ತಾ. ಅಳತೆ ಬೇಡ, ಇದ್ದದ್ದೆಲ್ಲ ತಾ."

ಮಗಳನ್ನು ಎತ್ತಿ, ದೋಣಿಗೆ ಒರಗಿಸಿ ಕೂರಿಸಿದ. ಮುಂದೆ ಎಲೆ ಹಾಸಿದ. "ಕೂಸೇ, ಉಂಡೆಯಾ ಅಂತ ಕೇಳಿ ಕೇಳಿ ನಮ್ಮ ಬಾಯಿ ಸವೀತು. ಇಷ್ಟು ದಿನ ಕೇಳಿದೋರು ಒಬ್ಬರೂ ಎದುರಿಗೆ ಕೂತು ಒಂದು ತುತ್ತು ಉಣಿಸಿಲ್ಲ. ಸಾಕೋದು ಅಂದ್ರೆ ಬಡಿಸೋದಲ್ವಾ? ನಾನು ಕೇಳಲ್ಲ. ಬಡಿಸ್ತೀನಿ."

ಒಂದು ಸೌಟು ಅನ್ನ ಹಾಕಿದ. ತುತ್ತು ಮಾಡಿ ತುಟಿಗೆ ಹಿಡಿದ. ಬಿಸಿ ಸಾರಿನ ವಾಸನೆಗೆ ಮೂಗು ಅರಳಿತು. ಬಾಯಿ ತೆರೆಯಿತು. ಒಂದು ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ಆಮೇಲೆ ಅವಳ ಕೈಯೇ ಎಲೆಗೆ ಬಂತು. ಅವಳು ಉಂಡಷ್ಟೂ ಅವನು ಹಾಕಿದ. ಊರಿನ ಅಳತೆ ಮುಗಿಯಿತು, ಅವನು ನಿಲ್ಲಿಸಲಿಲ್ಲ. ಎಲೆಯ ಮೇಲೆ ಅನ್ನ ಗುಡ್ಡವಾಯಿತು. ಗುಡ್ಡದ ಮೇಲೆ ಸಾರು ಸುರಿದ. ಸಾರು ಎಲೆಯ ಅಂಚು ದಾಟಿ, ನೆಲಕ್ಕಿಳಿದು, ದೋಣಿಯ ಕಡೆಗೆ ಹರಿಯಿತು.

"ಏನ್ರೀ, ದೋಣಿ ಒದ್ದೆಯಾಗುತ್ತೆ!" ಅಂದಳು ತಾಯಿ.

"ದೋಣಿ ಒದ್ದೆಯಾಗದೆ ಇನ್ನೇನಾಗಬೇಕು?" ಎಂದು ತಂದೆ ಮತ್ತೆ ಸೌಟು ಎತ್ತಿದ.

ಆಗ ಮಗಳ ಬಲಗೈ ಎದ್ದಿತು. ಅಂಗೈ ಕೆಳಗಾಗಿ, ಎಲೆಯ ಮೇಲೆ ಅಡ್ಡ ಚಾಚಿತು. ಯಾರೂ ಹೇಳಿಕೊಟ್ಟಿರಲಿಲ್ಲ. ತುಂಬಿದ ಹೊಟ್ಟೆಯಿಂದ, ಅನ್ನ ತುಂಬಿದ ಬಾಯಿಂದ, ಮಗಳು ಸಿಡುಕಿದಳು.

"ಸಾಕಪ್ಪಾ, ಸಾಕು!"

ಸೌಟು ಗಾಳಿಯಲ್ಲೇ ನಿಂತಿತು. ತಂದೆ ಆ ಕೈಯನ್ನು ನೋಡಿದ. ಬೆಳಗ್ಗೆ ನೋಡಿದ ಕಲ್ಲಿನ ಕೈಯೇ ಅದು. ಅವ್ವ ಯಾವುದನ್ನೂ ಕಾಯುತ್ತಿರಲಿಲ್ಲ. ಹೊಟ್ಟೆ ತುಂಬಿದ ಮುದುಕಿ ಮಗಳ ಸೌಟಿಗೆ ಅಡ್ಡ ಕೈ ಹಿಡಿದಿದ್ದಳು. ಅಷ್ಟೇ. ಅಷ್ಟಕ್ಕೆ ಇಷ್ಟು ವರ್ಷ ಊರಿನ ಮಕ್ಕಳು ಕೈ ಮೇಲೆ ಕೈಯಿಟ್ಟು ಕೂತಿದ್ದರು. ಅವನಿಗೆ ನಗು ಬಂತೋ ಅಳು ಬಂತೋ, ಸೌಟನ್ನು ಪಾತ್ರೆಯಲ್ಲಿಟ್ಟು, ಹೆಂಡತಿಯ ಸೆರಗಿನಲ್ಲಿ ಮುಖ ಒರೆಸಿಕೊಂಡ.

ಬಾಗಿಲಲ್ಲಿದ್ದ ಊರವರೂ ಕೈಯನ್ನು ನೋಡಿದರು. "ಅವ್ವನ ಕೈ!" ಎಂದು ಕೂಗಿದ ಎದುರುಮನೆಯಾಕೆ ಅಲ್ಲೇ ಅಡ್ಡಬಿದ್ದಳು. ಹಿಂದಿನವರೆಲ್ಲ ಅಡ್ಡಬಿದ್ದರು. "ಸಾಕುತ್ತೇವೆ ತಾಯೇ" ಅಂದರು.

"ಏಳ್ರೋ!" ಎಂದು ತಂದೆ ಗದರಿದ. "ಕೈಮುಗೀಬೇಡ್ರಿ, ಅದು ಉಂಡ ಕೈ. ಹೊಟ್ಟೆ ತುಂಬ್ತು, ಇನ್ನು ಬೇಡ ಅಂತಿದಾಳೆ. ನಮ್ಮ ಅವ್ವನೂ ಅದನ್ನೇ ಅಂದದ್ದು. ಬೇಕಾದ್ರೆ ಹಿರಿಯರನ್ನ ಕೇಳ್ರಿ, ಎದುರಿಗೆ ಗಂಜಿ ಇತ್ತೋ ಇಲ್ಲವೋ."

ಎಲ್ಲರೂ ಹಿರಿಯನ ಕಡೆ ತಿರುಗಿದರು. ಹಿರಿಯ ಮಗಳ ಕೈಯನ್ನು ನೋಡಿದ. ಅವನ ಬಲಗೈ ತಾನಾಗಿ ಅರ್ಧ ಎದ್ದಿತು, ಅಂಗೈ ಕೆಳಗಾಯಿತು, ತುಟಿ ಅಲ್ಲಾಡಿತು. ಆಮೇಲೆ ಕೈಯನ್ನು ಶಲ್ಯದೊಳಗೆ ಎಳೆದುಕೊಂಡ. "ಈ ಮನೆಯ ಹಗ್ಗ ಬಾವಿಗೆ ಬೇಡ" ಎಂದು ಹೇಳಿ ಹೊರಟುಹೋದ. ಊರೂ ಅವನ ಹಿಂದೆ ಹೋಯಿತು. ಅಪ್ಪನಿಂದ, ಅಪ್ಪನ ಅಪ್ಪನಿಂದ ಬಂದ ಸೇವೆ ಹಾಗೆ ಹೋಯಿತು.

ಮಗಳು ಕೈ ತೊಳೆದು ಬಂದು ಸಾಲಿನ ಮುಂದೆ ನಿಂತಳು. ವೀಣೆಯ ಮೇಲೆ ಅಂಗೈ ಇಟ್ಟು ಸಾಕು ಅಂದಳು. ಬುಟ್ಟಿಯ ಮೇಲೆ ಇಟ್ಟು ಸಾಕು ಅಂದಳು. ಅಂದದ್ದನ್ನೆಲ್ಲ ತಾಯಿ ಹಿತ್ತಿಲಿಗೆ ಒಯ್ದಳು. ಮಣೆ ಒಲೆಗಾಯಿತು, ಸೇತುವೆಯ ಕಡ್ಡಿ ಇರುವೆಗಾಯಿತು. ಸಾರು ಕುಡಿದ ದೋಣಿಯನ್ನು ಮಾತ್ರ ಮಗಳು ಬಿಡಲಿಲ್ಲ. ಹಿತ್ತಿಲ ಮೂಲೆಗೆ ತಾನೇ ಎಳೆದುಕೊಂಡು ಹೋದಳು.

ಮರುದಿನ ಬೆಳಗ್ಗೆ ನಡುಮನೆ ನೆಟ್ಟಗೆ, ಖಾಲಿಯಾಗಿ ಬಿದ್ದಿತ್ತು. ಯಾರೂ ಕೇಳದ ಹಗ್ಗವನ್ನು ತಂದೆ ಹೊಸೆಯಲು ನಿಂತ. "ಗೂಟ ಬೇಡಪ್ಪಾ, ಆ ತುದಿ ನಾನು ಹಿಡೀತೀನಿ" ಎಂದು ಮಗಳು ಓಡಿ ಬಂದಳು. ಇವತ್ತು ಅವಳಿಗೆ ಹಗ್ಗದ ಹುಚ್ಚು. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಳು. ಅವನು ತಿರುಚುತ್ತ ತಿರುಚುತ್ತ ಹಿಂದಕ್ಕೆ ನಡೆದ. ಹಿಮ್ಮಡಿಗೆ ಏನೂ ತಾಗಲಿಲ್ಲ. ಹಗ್ಗ ಬೆಳೆಯಿತು, ಬಾವಿಯ ತಳ ಮುಟ್ಟುವಷ್ಟು ಬೆಳೆಯಿತು. ಹೊಸ್ತಿಲು ಇನ್ನೇನು ಬೆನ್ನಿಗೆ ಬಂತು ಅನ್ನುವಾಗ ಹಿತ್ತಿಲಲ್ಲಿ ಯಾವುದೋ ಹಕ್ಕಿ ಹೊಸ ದನಿಯಲ್ಲಿ ಕೂಗಿತು. ಮಗಳು ತುದಿಯನ್ನು ಬಿಟ್ಟು ಓಡಿದಳು.

ಹಗ್ಗ ಹಾವಿನಂತೆ ಹೊರಳಿ, ಬೆಳಗಿನಿಂದ ತಿರುಚಿದ ಹುರಿಯೆಲ್ಲ ಬಿಚ್ಚಿಕೊಂಡು, ನಾರು ನಾರಾಗಿ ನಡುಮನೆಯ ತುಂಬ ಬಿತ್ತು. ತಂದೆ ಹೊಸ್ತಿಲ ಮೇಲೆ, ಕೈಯಲ್ಲಿ ಬರೀ ತುದಿ ಹಿಡಿದು ನಿಂತಿದ್ದ. ಅವನ ಮುಖ ಕೆಂಪಾಯಿತು. ಹಿತ್ತಿಲ ಕಡೆಗೆ ಬಾಯಿ ತೆರೆದು ಒಂದೇ ಮಾತು ಕೂಗಿದ.

"ಸಾಕು!"

ಯಾವ ಸಾಕು ಅತ್ತೇ, ಎಂದು ನಾನು ಕೇಳುತ್ತಿದ್ದೆ. ಇನ್ನು ನಿಲ್ಲಿಸು ಎಂದು ಮಗಳಿಗೆ ಹೇಳಿದ್ದೋ, ಸಾಕಿ ಸಲಹು ಎಂದು ತನಗೇ ಹೇಳಿಕೊಂಡದ್ದೋ? ಹಾಲವ್ವತ್ತೆ ನನ್ನ ಎಲೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು.

ನಾನೂ ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಮಕ್ಕಳು ಊಟಕ್ಕೆ ಕೂತಾಗ, ಸೌಟು ನಿಮ್ಮ ಕೈಯಲ್ಲಿರುವಾಗ, ಈ ಕತೆಯನ್ನು ಅವರಿಗೆ ಬಡಿಸಿ. ಅವರು ಎಲೆಗೆ ಅಡ್ಡ ಕೈ ಹಿಡಿಯುವ ತನಕ ಹೇಳಿ. ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನದನ್ನು ಅವರು ಯಾರಿಗಾದರೂ ಹೇಳಲಿ.